ಇದ್ರಿಂದ ನಿಮಗೇನು ಸಿಗ್ತದೆ ಮಾರಾಯ್ರೆ?

ಈ ವಯಸ್ಸಿನಲ್ಲಿ ಯಕ್ಷಗಾನ ಕಲಿಯುತ್ತಿದ್ದೇನೆ ಅಂದ್ರೆ ಮುಂಬಯಿಯಲ್ಲಿ ಜನ ಮೊದಲು ಕೇಳುವುದು ಇದನ್ನೇ. ನೆಂಟರು ಕೇಳುತ್ತಾರೆ, ಆಫೀಸಿನವರು ಕೇಳುತ್ತಾರೆ. ಕೆಳಗಿನ ಮನೆಯವರಂತೂ ಸೂರು ನೋಡಿಕೊಂಡೇ ಕೇಳುತ್ತಾರೆ. ಅವರ ತಲೆಯ ಮೇಲೆ ತಾನೇ ನಾನು ಹೆಜ್ಜೆ ಹಾಕೋದು! ಪ್ರಶ್ನೆ ತಪ್ಪೇನಲ್ಲ. ಈ ಊರಿನಲ್ಲಿ ಪುರುಸೊತ್ತು ದುಡ್ಡಿಗಿಂತ ದುಬಾರಿ. ಡೊಂಬಿವಲಿಯಿಂದ ಫೋರ್ಟ್‌ಗೆ ಹೋಗಿ ಬರುವುದರಲ್ಲೇ ಅರ್ಧ ಜೀವ ಹೋಗಿರುತ್ತದೆ. ಉಳಿದ ಒಂದು ಭಾನುವಾರವನ್ನೂ ಕುಣಿದು ಕಳೆದರೆ ಲಾಭವೇನು ಅಂತ ಯಾರಿಗಾದರೂ ಅನಿಸುತ್ತೆ.

ಕಷ್ಟಪಟ್ಟರೆ ಫಲ ಉಂಟು ಅನ್ನೋ ಉಪದೇಶ ನನಗೆ ಅಷ್ಟಾಗಿ ಒಗ್ಗೋದಿಲ್ಲ. ಬರೀ ಕಷ್ಟಕ್ಕೇ ಫಲ ಇದ್ದಿದ್ದರೆ ಬೆಳಗ್ಗೆ ಎಂಟರ ಫಾಸ್ಟ್ ಲೋಕಲ್‌ನ ಬಾಗಿಲಲ್ಲಿ ನೇತಾಡುವವರೆಲ್ಲ ಇಷ್ಟೊತ್ತಿಗೆ ಋಷಿಮುನಿಗಳಾಗಿರಬೇಕಿತ್ತು. ಸಂಬಳ ಏರಿಸುವ ಹೊತ್ತಿಗೆ ಸರಿಯಾಗಿ 'ಡೆಡಿಕೇಶನ್' ಬಗ್ಗೆ ಭಾಷಣ ಮಾಡುವ ಬಾಸ್‌ಗಳನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಬೇರೆಯವರು ನಮ್ಮ ಮೇಲೆ ಹೇರಿದ ದುಡಿತ ಬೇರೆ, ನಾವೇ ಮೈಮೇಲೆ ಎಳೆದುಕೊಂಡದ್ದು ಬೇರೆ. ನಾನು ಹೇಳುತ್ತಿರುವುದು ಎರಡನೆಯದರ ಬಗ್ಗೆ.

ಮಗಳನ್ನು ಸಂಘದ ಹಾಲ್‌ಗೆ ಕ್ಲಾಸಿಗೆ ಬಿಡಲು ಹೋಗುತ್ತಿದ್ದವಳು ನಾನು. ಪರೀಕ್ಷೆ ಬಂತು, ಅವಳು ಬಿಟ್ಟಳು. ನಾನು ಉಳಿದೆ. ಮೊದಲು ಕಾಲಿಗೆ ಕೆಲಸವೇ ಇರಲಿಲ್ಲ. ಕೈಯಲ್ಲಿ ತಾಳ ಹಾಕಬೇಕು, ಬಾಯಲ್ಲಿ ಹೇಳಬೇಕು, ಅಷ್ಟೇ. ನಾಲ್ಕರ ಲೆಕ್ಕ ಮೈಗೆ ಮೊದಲೇ ಗೊತ್ತಿರುತ್ತದೆ, ನಡೆಯುವಾಗಲೂ ಅದೇ ತಾನೇ. ತ್ರಿವುಡೆ ತಾಳ ಬಂತು ನೋಡಿ, ಅಲ್ಲಿ 7 ಅಕ್ಷರ. ಆರು ಸರಿಯಾಗಿ ಬರುತ್ತಿತ್ತು, ಏಳನೆಯದು ಎಲ್ಲೋ ಜಾರಿಹೋಗುತ್ತಿತ್ತು. ಹಾಡುವ ಭಾಗವತರು ಪದ ಮುಗಿಸಿ ಸುಮ್ಮನೆ ಕೂತಿರುತ್ತಿದ್ದರು, ನಾನಿನ್ನೂ ಕಾಲು ಎತ್ತಿಕೊಂಡು ನಿಂತಿರುತ್ತಿದ್ದೆ. ಟ್ರೈನಿನಲ್ಲಿ ತೊಡೆಯ ಮೇಲೆ ಬೆರಳು ತಟ್ಟಿಕೊಂಡು ಎಣಿಸುತ್ತಿದ್ದೆ. ಪಕ್ಕದಲ್ಲಿ ಕೂತ ಮರಾಠಿ ಆಯಿಯೊಬ್ಬರು ನಾನು ಜಪ ಮಾಡುತ್ತಿದ್ದೇನೆ ಅಂತ ತಿಳಿದು ಕಿಟಕಿ ಸೀಟು ಬಿಟ್ಟುಕೊಟ್ಟರು. ಲಾಭ ಕೇಳಿದಿರಲ್ಲ, ಅದೂ ಒಂದು ಲಾಭವೇ!

ಒಂದು ದಿನ ಏಳು ಕೂತಿತು. ಹೇಗೆ ಅಂತ ಈಗಲೂ ಹೇಳಲು ಬರುವುದಿಲ್ಲ.

ಅದಾದ ಮೇಲೆ ಯಕ್ಷಗಾನದ ಆಟ ನೋಡುವ ನನ್ನ ಕಣ್ಣೇ ಬದಲಾಯಿತು. ಈ ಬರಹದಲ್ಲಿ ನಾನು ಹೇಳಬೇಕಾದದ್ದು ಇದೊಂದೇ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಹಳೆಯ ವಿಡಿಯೋಗಳು ಯೂಟ್ಯೂಬ್‌ನಲ್ಲಿವೆ. ಎಂಬತ್ತು ದಾಟಿದ ಮೇಲೂ ವೇಷ ಕಟ್ಟಿದವರು ಅವರು. ಯಕ್ಷಗಾನದ ಎರಡು ಶೈಲಿಗಳಲ್ಲಿ ನಾವು ಕಲಿಯುವುದು ತೆಂಕು, ಅವರದು ಬಡಗು. ಇರಲಿ. ಮೊದಲೆಲ್ಲ ಅವರ ಕೀಚಕನನ್ನು ನೋಡಿದಾಗ 'ಅಬ್ಬಾ, ಎಷ್ಟು ಚೆಂದ' ಅನಿಸಿ ಅಲ್ಲಿಗೇ ಮುಗಿಯುತ್ತಿತ್ತು. ಈಗ ಅವರು ಸುಮ್ನೆ ನಿಂತಿರುವಾಗಲೂ ಮದ್ದಲೆ ಅವರ ಹೆಗಲಿನಲ್ಲಿ ಓಡಾಡುವುದು ಕಾಣುತ್ತದೆ. ಬಿಡ್ತಿಗೆ ಅನ್ನುವ ನುಡಿಸಾಣಿಕೆ ಹತ್ತಿರ ಬಂತು ಅಂತ ಚೆಂಡೆಯವರಿಗೆ ಹುಬ್ಬಿನಲ್ಲೇ ಹೇಳುವುದು ಕಾಣುತ್ತದೆ. ವಿಡಿಯೋ ಅದೇ, ಪುಕ್ಕಟೆ ಸಿಗುವುದೂ ಅದೇ. ಅದರೊಳಗೆ ಇಷ್ಟೆಲ್ಲ ಇದೆ ಅಂತ ತಿಳಿಯಲು ನನ್ನ ಮಂಡಿ ಸವೆಯಬೇಕಾಯಿತು. ನಾನು ದೊಡ್ಡ ಕಲಾವಿದೆ ಆಗುವುದಿಲ್ಲ. ಗಿರಕಿ ಹೊಡೆದು ಹಾರುವ ದಿಗಿಣ ಹಾಕಲು ಹೋದರೆ ನೇರ ಆಸ್ಪತ್ರೆಯೇ. ಆದರೂ ಇನ್ನು ಸಾಯುವವರೆಗೆ ನಾನು ನೋಡುವ ಪ್ರತಿಯೊಂದು ಆಟವೂ ಮೊದಲಿಗಿಂತ ದೊಡ್ಡದಾಗಿರುತ್ತದೆ. ಯಾವ ಎಫ್‌ಡಿಯಲ್ಲಿ ಈ ಬಡ್ಡಿ ಸಿಗುತ್ತೆ ಹೇಳಿ?

2020ರ ಡಿಸೆಂಬರ್‌ನಲ್ಲಿ ನವಿ ಮುಂಬಯಿಯ ತುರ್ಭೆಯಲ್ಲಿ ಐಕಿಯಾ ಅಂಗಡಿ ತೆರೆಯಿತು. ಕಪಾಟಿನ ಹಲಗೆ ಮನೆಗೆ ತಂದು ನಾವೇ ಸ್ಕ್ರೂ ತಿರುಗಿಸಿ ಜೋಡಿಸುವ ವ್ಯವಹಾರ. ಅಂಗಡಿ ಇಲ್ಲಿಗೆ ಬರುವ ಮೊದಲೇ, 2012ರಲ್ಲಿ, ನಾರ್ಟನ್, ಮೋಚೋನ್, ಏರಿಯಲಿ ಅನ್ನುವ ಮೂವರು ಸಂಶೋಧಕರು ನಾವೇ ಮಾಡಿದ್ದರ ಮೇಲೆ ನಮಗೆ ಹುಟ್ಟುವ ಮಮತೆಯ ಬಗ್ಗೆ ಒಂದು ಪ್ರಬಂಧ ಬರೆದಿದ್ದರು. ಒಂದು ಪ್ರಯೋಗದಲ್ಲಿ ಜನರಿಂದ ಕಾಗದದ ಕಪ್ಪೆ, ಕೊಕ್ಕರೆ ಮಡಚಿಸಿದರು. ಮಾಡಿದವರು ತಮ್ಮ ಸೊಟ್ಟ ಕೊಕ್ಕರೆಗೆ ಕೊಡಲು ಒಪ್ಪಿದ ಬೆಲೆ, ಬೇರೆಯವರು ಅದಕ್ಕೇ ಕಟ್ಟಿದ ಬೆಲೆಯ ಸುಮಾರು 5 ಪಟ್ಟು! ಇಲ್ಲಿಯವರೆಗಿನದನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದು ಭಾಗ ಇದೆ. ಅರ್ಧಕ್ಕೆ ನಿಲ್ಲಿಸಿದರೆ, ಅಥವಾ ಕಟ್ಟಿದ್ದನ್ನು ಬಿಚ್ಚಿಹಾಕಿದರೆ, ಈ ಮಮತೆ ಉಳಿಯುವುದಿಲ್ಲ. ಏನೋ ಒಂದು ಪೂರ್ತಿ ಆಗಿ ಕೈಗೆ ಬರಬೇಕು.

ನಮ್ಮ ಹಳಬರಿಗೆ ಇದು ಪ್ರಯೋಗ ಮಾಡದೆಯೇ ಗೊತ್ತಿತ್ತು ಅನಿಸುತ್ತೆ. ಮೇಳ ಸೇರಿದ ಹುಡುಗನಿಗೆ ಮೊದಲೇ ಅರ್ಜುನ ಕೊಡುತ್ತಿರಲಿಲ್ಲ, ನಿಜ. ಹಾಗಂತ ವರ್ಷಗಟ್ಟಲೆ ಮೂಲೆಯಲ್ಲೂ ಕೂರಿಸುತ್ತಿರಲಿಲ್ಲ. ಪ್ರಸಂಗ ಶುರುವಾಗುವ ಮೊದಲಿನ ಪೂರ್ವರಂಗದಲ್ಲಿ ಕೋಡಂಗಿ ಇತ್ತು, ಬಾಲಗೋಪಾಲ ಇತ್ತು. ಪುಟ್ಟ ವೇಷ. ಆದರೂ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ, ಪ್ರವೇಶ ಮಾಡಿ, ಕುಣಿದು ಒಳಗೆ ಬಂದರೆ ಒಂದು ಕೆಲಸ ಮುಗಿದಂತೆ. ಮುಂಬಯಿಯಲ್ಲಿ ಹಾಲ್ ಬಾಡಿಗೆ ಗಂಟೆ ಲೆಕ್ಕ. ಮೂರು ಗಂಟೆಯಲ್ಲಿ ಪ್ರಸಂಗ ಮುಗಿಸಬೇಕು, ಅತಿಥಿಗಳಿಗೆ ಶಾಲು ಹೊದಿಸಬೇಕು. ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೇ. ನನಗೆ ಇದರ ಮೇಲೆ ಸಿಟ್ಟಿದೆ. ಒಂದು ಸನ್ಮಾನ ಕಡಿಮೆ ಮಾಡಿ ಸ್ವಾಮಿ, ಎರಡು ಹೊಸ ಮಕ್ಕಳು ಕುಣಿಯಲಿ.

ನಮ್ಮ ತಂಡದಲ್ಲಿ ಹಾಸ್ಯ ಮಾಡುವ ಹಿರಿಯರೊಬ್ಬರಿದ್ದಾರೆ. ಹುಡುಗನಾಗಿದ್ದಾಗ ಹಗಲು ಫೋರ್ಟ್‌ನ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋದವರು. ಆಮೇಲೆ ಬ್ಯಾಂಕ್ ಸೇರಿ ಅಲ್ಲೇ ರಿಟೈರ್ ಆದರು. ಕೆಲಸ ಮಾಡಿ ದಣಿದ ಮೇಲೆ ಓದುವುದು ಕಷ್ಟ ಆಗುತ್ತಿರಲಿಲ್ಲವಾ ಅಂತ ವೇಷ ಕಟ್ಟುವ ಚೌಕಿಯಲ್ಲಿ ಕೇಳಿದೆ. ಕನ್ನಡಿ ನೋಡಿಕೊಂಡು ಮೂಗಿಗೆ ಬಿಳಿ ಬಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸದೆ ಅಂದರು: "ಎಂಥ ಕಷ್ಟ ಅಕ್ಕಾ? ಬೆಳಗ್ಗಿಂದ ನಿಂತೇ ಇರುವುದು. ಶಾಲೆಯಲ್ಲಿ ಕೂತ್ಕೊಳ್ಳಲಿಕ್ಕೆ ಸಿಗ್ತದಲ್ಲ, ಅದೇ ದೊಡ್ಡ ಖುಷಿ." ನಾನು ಇನ್ನೇನೋ ದೊಡ್ಡ ಮಾತು ಬರುತ್ತದೆ ಅಂತ ಕಾಯುತ್ತಿದ್ದೆ. ಅವರು ಸೇಫ್ಟಿ ಪಿನ್ ಕೇಳಿದರು.

ಮೇ ಕೊನೆಗೆ ಪತ್ತನಾಜೆ, ಮೇಳಗಳ ತಿರುಗಾಟ ಮುಗಿಯುವ ದಿನ. ಊರಿನಲ್ಲಿ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆ ಹಿಡಿದ ಮೇಲೆ ಕಲಾವಿದರ ತಂಡಗಳು ಮುಂಬಯಿ ಕಡೆ ಬರುತ್ತವೆ. ಆಟಕ್ಕೆ ಬನ್ನಿ. ಬೇಗ ಬಂದರೆ ಚೌಕಿಗೂ ಒಮ್ಮೆ ಇಣುಕಿ. ಮಕ್ಕಳನ್ನು ಕ್ಲಾಸಿಗೆ ಸೇರಿಸಬೇಕು ಅನ್ನುವವರು "ಸರ್ಟಿಫಿಕೇಟ್ ಕೊಡ್ತಾರಾ?" ಅಂತ ನನ್ನನ್ನು ಕೇಳಬೇಡಿ, ಗುರುಗಳನ್ನು ಕೇಳಿ, ಬೈಗುಳವೂ ಅವರಿಂದಲೇ ಸಿಗಲಿ. ನೀವೇ ಸೇರುವುದಾದರೆ ಮಾತ್ರ ನನಗೆ ಮೆಸೇಜ್ ಮಾಡಿ. ಶುರುವಿನಲ್ಲಿ ತೊಡೆ ಹಿಡಿದುಕೊಳ್ಳುತ್ತದೆ, ಸ್ಟೇಷನ್ ಬ್ರಿಡ್ಜ್ ಹತ್ತುವಾಗ ದೇವರೇ ಗತಿ. ನಾರಾಯಣ ತೈಲ ತಿಕ್ಕಿ ಬಿಸಿನೀರು ಹಾಕಿಕೊಳ್ಳಿ, ಸರಿಹೋಗುತ್ತೆ. ಕೆಳಗಿನ ಮನೆಯವರನ್ನು ನೀವೇ ನೋಡಿಕೊಳ್ಳಬೇಕು.