ಕೆರೆಯನ್ನು ಟ್ಯಾಂಕ್ ಅನ್ನಬೇಡಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೆರೆಯ ವಿಷಯ ಇಂಗ್ಲಿಷಿನಲ್ಲಿ ಬರೆಯುವಾಗೆಲ್ಲ ‘ಟ್ಯಾಂಕ್’ ಎನ್ನುತ್ತಾರೆ. ಅಹಮದಾಬಾದಿನಲ್ಲಿ ನೆಲೆಸಿರುವ ನನಗೆ ಇದು ಒಪ್ಪಿಗೆಯಿಲ್ಲ. ಏಕೆಂದರೆ ಆ ಪದದ ತವರು ಈ ಗುಜರಾತಿನ ಕಡೆಯೇ, ಇಲ್ಲಿ ಅದರ ಅರ್ಥವೇ ಬೇರೆ. ಗುಜರಾತಿಯ ‘ಟಾಂಕುಂ’, ಮರಾಠಿಯ ‘ಟಾಂಕೆ’ ಪೋರ್ಚುಗೀಸರ ಮೂಲಕ 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಹೋದವು. ಹರಿವನ್ನು ತಡೆದು ನಿಲ್ಲಿಸು ಎಂಬರ್ಥದ ಮಾತಿನಿಂದ ಹುಟ್ಟಿದ ಪೋರ್ಚುಗೀಸರ ‘ತಾಂಕೆ’ಯೂ ಅದರೊಳಗೆ ಬೆರೆತಿದೆ. ಯುದ್ಧದ ಟ್ಯಾಂಕಿಗೆ ಆ ಹೆಸರು ಬಂದದ್ದು 1915ರಲ್ಲಿ, ನೀರಿನ ತೊಟ್ಟಿ ಕಟ್ಟುತ್ತಿದ್ದೇವೆಂದು ಬ್ರಿಟಿಷರು ಗುಟ್ಟು ಕಾಯುವಾಗ.

    

ಅಹಮದಾಬಾದಿನ ಹಳೆಯ ಪೋಳ್‌ಗಳ, ಅಂದರೆ ಒತ್ತೊತ್ತಾದ ಕೇರಿಗಳ, ಮನೆಗಳಲ್ಲಿ ಟಾಂಕು ಅಂಗಳದ ಕೆಳಗಿರುತ್ತದೆ. ಒಳಗೆ ಗಾರೆ, ಮೇಲೆ ಸಣ್ಣ ಬಾಯಿ, ಅದಕ್ಕೊಂದು ಮುಚ್ಚಳ. ಮಾಳಿಗೆಯ ಕೊಳೆ ತೊಳೆಯುವ ಮೊದಲ ಮಳೆಯನ್ನು ಹೊರಬಿಟ್ಟು, ಆಮೇಲಿನ ನೀರನ್ನು ತುಂಬಿಸಿಕೊಳ್ಳುತ್ತಾರೆ. ಬೆಳಕು ಬೀಳದ್ದರಿಂದ ಪಾಚಿ ಕಟ್ಟುವುದಿಲ್ಲ. ಅಚ್ಚುಕಟ್ಟಾದ ವ್ಯವಸ್ಥೆ, ನಿಜ. ಆದರೆ ಅದು ಒಂದು ಮನೆಯ ಕುಡಿಯುವ ನೀರು.

ಕೆರೆ ಹಾಗಲ್ಲ. ಮೇಲಿನ ಗುಡ್ಡ, ಬಯಲಿನ ನೀರು ರಾಜಕಾಲುವೆಯಲ್ಲಿ ಬಂದು ಏರಿಗೆ ತಾಕಿ ನಿಲ್ಲುತ್ತದೆ. ನೀರು ಹಂಚುವ ನೀರುಗಂಟಿ ತೂಬು ಎತ್ತಿ ಸರದಿಯಂತೆ ಅಚ್ಚುಕಟ್ಟಿನ ಗದ್ದೆಗಳಿಗೆ ಬಿಡುತ್ತಾನೆ. ಹೆಚ್ಚಾದದ್ದು ಕೋಡಿ ಹರಿದು ಕೆಳಗಿನ ಕೆರೆ ಸೇರುತ್ತದೆ. 2018ರಲ್ಲಿ ಕೋಲಾರಕ್ಕೆ ಬಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆರೆಯಿಂದ ಕೆರೆಗೆ ಹೋಗುತ್ತಿರುವುದೂ ಈ ಸರಣಿಯಲ್ಲೇ. ಟ್ಯಾಂಕ್ ಎಂದವರಿಗೆ ಗುಂಡಿಯೊಂದೇ ಕಾಣುತ್ತದೆ. ಹೂಳೆತ್ತಿಸುತ್ತಾರೆ, ರಾಜಕಾಲುವೆಯ ಒತ್ತುವರಿ ಮುಟ್ಟುವುದಿಲ್ಲ. ಮಳೆ ಬಂದರೂ ಕೆರೆ ತುಂಬುವುದಿಲ್ಲ. ಹೆಚ್ಚು ನೀರು ಹಿಡಿಯಲಿ ಎಂದು ಕೋಡಿ ಎತ್ತರಿಸುತ್ತಾರೆ; ಕೆಳಗಿನೂರಿಗೆ ನೀರು ತಪ್ಪುತ್ತದೆ, ದೊಡ್ಡ ಮಳೆಗೆ ಏರಿಯೇ ಒಡೆಯಬಹುದು.

ಆದ್ದರಿಂದ ಇಂಗ್ಲಿಷ್ ಫಲಕದಲ್ಲೂ, ಯೋಜನಾ ವರದಿಯಲ್ಲೂ ‘ಕೋಲಾರಮ್ಮ ಕೆರೆ’ ಎಂದೇ ಬರೆಯಿರಿ. ತೂಬು, ಕೋಡಿ, ರಾಜಕಾಲುವೆ ಎಲ್ಲೆಲ್ಲಿವೆ ಎಂಬ ನಕ್ಷೆಯನ್ನೂ ಅದರ ಪಕ್ಕದಲ್ಲೇ ಹಾಕಿ.