ಡಬ್ಬಿಗೆ ನಾಚಿಕೆ, ಬಣ್ಣದ ರಿಪೋರ್ಟಿಗೆ ಇಲ್ಲ

ಮೊದಲ ಸಲ ಲ್ಯಾಬಿನವರು ಮಲ ಪರೀಕ್ಷೆಗೆ ಅಂತ ಆ ಪುಟ್ಟ ಡಬ್ಬಿ ಕೈಗಿಟ್ಟಾಗ ಯಾರಾದರೂ ನೋಡಿಬಿಟ್ಟರೇನೋ ಅಂತ ಸುತ್ತ ಕಣ್ಣಾಡಿಸಿದ್ದೆ. ಮುಚ್ಚಳದ ಒಳಗೇ ಒಂದು ಸಣ್ಣ ಚಮಚ ಇರುತ್ತಲ್ಲ, ಅದೇ ಡಬ್ಬಿ. ಮರುದಿನ ಅದನ್ನು ಪೇಪರಿನಲ್ಲಿ ಸುತ್ತಿ, ಮೇಲೊಂದು ಕವರ್ ಹಾಕಿ, ಬ್ಯಾಗಿನ ತಳದಲ್ಲಿಟ್ಟುಕೊಂಡು ಕದ್ದ ಮಾಲು ಸಾಗಿಸುವವನ ಹಾಗೆ ಹೋದೆ. ಕೌಂಟರಿನ ಹುಡುಗಿ ಎಲ್ಲರೆದುರೇ ಕವರ್ ಬಿಚ್ಚಿ, ಡಬ್ಬಿ ಎತ್ತಿ ಹಿಡಿದು, "ಎಷ್ಟು ಗಂಟೆಗೆ ತೆಗೆದದ್ದು ಸಾರ್?" ಅಂದಳು. "ನಿನ್ನೆ ರಾತ್ರಿ" ಅಂತ ಪಿಸುಗುಟ್ಟಿದೆ. "ಇದು ಆಗಲ್ಲ, ಬೇರೆ ತನ್ನಿ."

ಕೋಪ ಬಂತು. ಆದರೆ ಅವಳು ಹೇಳಿದ್ದೇ ಸರಿ. ನನಗೆ ವಾರದಿಂದ ಭೇದಿ, ಡಾಕ್ಟರಿಗೆ ಅಮೀಬಾದ ಅನುಮಾನ. ನೀರಾದ ಮಲದಲ್ಲಿ ಜೀವಂತ ಅಮೀಬಾ ಕಾಣಬೇಕೆಂದರೆ ಅರ್ಧ ಗಂಟೆಯೊಳಗೆ ಮೈಕ್ರೋಸ್ಕೋಪಿನ ಕೆಳಗಿಡಬೇಕು. ರಾತ್ರಿಯೆಲ್ಲ ಇಟ್ಟರೆ ಅದು ಸತ್ತು, ಕರಗಿ, ಗುರುತೇ ಸಿಗುವುದಿಲ್ಲ. ಮೂತ್ರವೋ ಕಮೋಡಿನ ನೀರೋ ಬೆರೆತರೂ ಅಷ್ಟೇ. ಇನ್ನೊಂದು ವಿಷಯ, ಅಮೀಬಾ ಥರ ಕರುಳಲ್ಲಿ ಸೇರಿಕೊಳ್ಳುವ ಪರಾವಲಂಬಿಗಳು ದಿನಾಲೂ ಹೊರಗೆ ಬರುವುದಿಲ್ಲ. ಅದಕ್ಕೇ ಬೇರೆ ಬೇರೆ ದಿನ ಮೂರು ಸ್ಯಾಂಪಲ್ ಕೇಳುವುದು, ದುಡ್ಡು ಕೀಳೋಕಲ್ಲ.

ನಮ್ಮ ತೊಂದರೆ ಲ್ಯಾಬಿಗೂ ಮುಂಚೆ, ಡಾಕ್ಟರ ಎದುರಿನ ಕುರ್ಚಿಯಲ್ಲೇ ಶುರುವಾಗುತ್ತದೆ. ಅವರು ಏನು ಕೇಳಿದರೂ "ಹೊಟ್ಟೆ ಸರಿ ಇಲ್ಲ" ಅನ್ನೋದೊಂದೇ ಉತ್ತರ. ಗಟ್ಟಿಯೋ, ನೀರೋ, ಬಣ್ಣ ಏನು, ದಿನಕ್ಕೆ ಎಷ್ಟು ಸಲ? ಬಾಯಿ ಬಿಡಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನ ಇಬ್ಬರು ವೈದ್ಯರು 1997ರಲ್ಲಿ ಇದಕ್ಕೆಂದೇ ಒಂದು ಚಾರ್ಟ್ ಪ್ರಕಟಿಸಿದರು. ಒಟ್ಟು ಏಳು ಬಗೆ. ಹಿಕ್ಕೆಯಂಥ ಗಟ್ಟಿ ಉಂಡೆ ಒಂದನೆಯದು, ಬರೀ ನೀರು ಏಳನೆಯದು, ಮೂರು-ನಾಲ್ಕು ಆರಾಮು. "ಡಾಕ್ಟ್ರೇ, ಆರನೇ ನಂಬರು" ಅಂದರೆ ಸಾಕು, ಮುಜುಗರವೂ ಇಲ್ಲ. ಬಣ್ಣಕ್ಕೂ ಒಂದು ಲೆಕ್ಕ ಇದೆ. ಮಲ ಕಂದಾಗುವುದೇ ಪಿತ್ತರಸದಿಂದ, ಹಾಗಾಗಿ ಸುಣ್ಣದ ಹಾಗೆ ಬಿಳಿಚಿಕೊಂಡರೆ ಪಿತ್ತದ ದಾರಿ ಎಲ್ಲೋ ಕಟ್ಟಿರಬಹುದು. ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಬಂದರೆ ಜಠರದ ಕಡೆ ರಕ್ತ ಒಸರುತ್ತಿರಬಹುದು. ಕಬ್ಬಿಣದ ಮಾತ್ರೆ ತಿಂದರೂ ಕಪ್ಪಾಗುತ್ತೆ, ಅದನ್ನೂ ಡಾಕ್ಟರಿಗೆ ಹೇಳಿ.

"ಸ್ಟೂಲ್ ಟೆಸ್ಟ್ ಮಾಡಿಸಿದೆ, ಎಲ್ಲ ನಾರ್ಮಲ್" ಅನ್ನುವವರನ್ನು ಕಂಡರೆ ಯಾವ ಟೆಸ್ಟ್ ಅಂತ ಕೇಳಬೇಕು ಅನ್ನಿಸುತ್ತೆ. ಕರುಳಿನಲ್ಲಿ ನಿಜಕ್ಕೂ ಉರಿಯೂತ ಇದೆಯೋ, ಅಥವಾ ಉರಿಯೂತ ಇಲ್ಲದೆಯೇ ಹೊಟ್ಟೆ ಕಾಡುವ ಐಬಿಎಸ್ ತರಹದ ತೊಂದರೆಯೋ ಅಂತ ಬೇರ್ಪಡಿಸುವುದಕ್ಕೆ ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಪ್ರೋಟೀನ್ ಅಳೆಯುವ ಟೆಸ್ಟ್ ಒಂದಿದೆ. ಒಂದು ಗ್ರಾಂ ಮಲಕ್ಕೆ ಅದು 50 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ನೆಮ್ಮದಿ. ಆದರೆ ನೋವಿನ ಮಾತ್ರೆ ನುಂಗುತ್ತಿದ್ದರೆ ಅದೂ ಸುಮ್ನೆ ಏರಿ ಕೂರುತ್ತದೆ. ಮೇದೋಜೀರಕ ಗ್ರಂಥಿ ಸೋತಿದೆಯೇ ಅಂತ ನೋಡುವುದಕ್ಕೆ ಅದರದೇ ಕಿಣ್ವವಾದ ಎಲಾಸ್ಟೇಸ್ ಅಳೆಯುವ ಟೆಸ್ಟ್. ಜಠರದಲ್ಲಿ ಹುಣ್ಣು ತರಿಸುವ ಎಚ್ ಪೈಲೋರಿ ಬ್ಯಾಕ್ಟೀರಿಯಾಕ್ಕೆ ಬೇರೆಯದೇ ಟೆಸ್ಟ್. ಅದಕ್ಕೆ ಎರಡು ವಾರ ಮೊದಲೇ ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ನಿಲ್ಲಿಸಬೇಕು, ಡಾಕ್ಟರನ್ನು ಕೇಳಿ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಒಳಗೇ ಇದ್ದರೂ ರಿಪೋರ್ಟಿನಲ್ಲಿ ನೆಗೆಟಿವ್.

ಈಗ ಬಂದಿರುವ ಮೈಕ್ರೋಬಯೋಮ್ ಟೆಸ್ಟಿನ, ಅಂದರೆ ಕರುಳಿನ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡುವ ಟೆಸ್ಟಿನ ಹುಚ್ಚು ನೋಡಿ. ನನ್ನ ಗೆಳೆಯನೊಬ್ಬ, ಐವತ್ತು ದಾಟಿದವನು, ಆನ್‌ಲೈನಿನಲ್ಲಿ ಕಿಟ್ ತರಿಸಿ, ಮಲ ಪ್ಯಾಕ್ ಮಾಡಿ ಕೊರಿಯರ್ ಕಳಿಸಿದ. ನಲವತ್ತು ಪುಟದ ರಿಪೋರ್ಟು ಬಂತು. ಬಣ್ಣಬಣ್ಣದ ಚಕ್ರ, ಒಳ್ಳೆ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ, ನೂರಕ್ಕೆ ಇಷ್ಟು ಅಂತ ಮಾರ್ಕ್ಸು. ಕೊನೆಯ ಪುಟದಲ್ಲಿ ಅದೇ ಕಂಪನಿಯ ಕ್ಯಾಪ್ಸೂಲು! ಆರೋಗ್ಯವಂತನ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿರಬೇಕು ಅನ್ನುವುದಕ್ಕೆ ಒಪ್ಪಿತವಾದ ಅಳತೆಯೇ ಇನ್ನೂ ಇಲ್ಲ. ಒಂದೇ ಮಲವನ್ನು ಎರಡು ಲ್ಯಾಬಿಗೆ ಕಳಿಸಿದರೆ ಎರಡು ಬೇರೆ ಪಟ್ಟಿ ಬರಬಹುದು. ಈ ವಿಜ್ಞಾನ ಸುಳ್ಳು ಅಂತಲ್ಲ, ಸಂಶೋಧನೆ ಜೋರಾಗಿಯೇ ನಡೆಯುತ್ತಿದೆ. ಆದರೆ ಆ ಮಾರ್ಕ್ಸ್ ಹಿಡಿದುಕೊಂಡು ಔಷಧ ಬರೆಯುವ ಹಂತಕ್ಕೆ ಅದಿನ್ನೂ ಬಂದಿಲ್ಲ.

ಅದೇ ದೊಡ್ಡ ಕರುಳಿನ ಕ್ಯಾನ್ಸರಿನ ಸುಳಿವು ಹುಡುಕೋಕೆ ಮಾಡುವ ಫಿಟ್ ಅನ್ನುವ ಸಾದಾ ಟೆಸ್ಟ್ ನೋಡಿ. ಕಣ್ಣಿಗೆ ಕಾಣದಷ್ಟು ಸ್ವಲ್ಪ ರಕ್ತ ಮಲದಲ್ಲಿದ್ದರೂ ಹಿಡಿಯುತ್ತದೆ. ಮನುಷ್ಯರ ರಕ್ತವನ್ನಷ್ಟೇ ಗುರುತಿಸುವುದರಿಂದ ಹಳೇ ಟೆಸ್ಟಿನ ಹಾಗೆ ಮೊದಲೇ ಮಾಂಸ ಬಿಡುವ ಪಥ್ಯವೂ ಇಲ್ಲ. ಹಲವು ದೇಶಗಳಲ್ಲಿ 45 ಅಥವಾ 50 ದಾಟಿದವರಿಗೆ, ಏನೂ ತೊಂದರೆ ಇಲ್ಲದಿದ್ದರೂ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮಾಡಿಸಿ ಅನ್ನುತ್ತಾರೆ. ಪಾಸಿಟಿವ್ ಬಂದರೆ ಕ್ಯಾನ್ಸರ್ ಅಂತಲ್ಲ, ಕೊಲನೋಸ್ಕೋಪಿ ಮಾಡಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡಬೇಕು ಅಂತ. ನೆಗೆಟಿವ್ ಬಂದರೂ ತೂಕ ಇಳಿಯುತ್ತಿದ್ದರೆ, ರಕ್ತ ಹೋಗುತ್ತಿದ್ದರೆ ಮೂಲವ್ಯಾಧಿ ಇರಬೇಕು ಅಂತ ಮನೆಯಲ್ಲೇ ಕೂರುವ ಹಾಗಿಲ್ಲ.

ಗೆಳೆಯನಿಗೆ ಕೇಳಿದೆ, "ಈ ಫಿಟ್ ಮಾಡಿಸಿದ್ದೀಯೇನೋ?" ನಲವತ್ತು ಪುಟ ಮಡಚಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದವನು ಮೂಗು ಸಿಂಡರಿಸಿ, "ಥೂ, ಆ ಡಬ್ಬಿ ಹಿಡ್ಕೊಂಡು ಲ್ಯಾಬಿಗೆ ಯಾರು ಹೋಗ್ತಾರೋ" ಅಂದ.