ಕಂಪನಿ ಫಿಟೆಡಾ?

ಊರಲ್ಲಿ ಜಾಗ ಮಾರುವಾಗ ಮರ ಎಣಿಸುತ್ತಾರೆ. ತೆಂಗು ಎಷ್ಟು, ಅಡಿಕೆ ಎಷ್ಟು, ಹಲಸು ಬಕ್ಕೆಯೋ ತುಳುವೆಯೋ, ಎಲ್ಲಕ್ಕೂ ಲೆಕ್ಕ ಉಂಟು. ನಮ್ಮಜ್ಜ ನೆಟ್ಟ ಒಂದು ಹುಳಿ ಮಾವಿನ ಮರಕ್ಕೂ ಕೊಳ್ಳುವವರು ಏನೋ ಒಂದು ಬೆಲೆ ಕಟ್ಟಿದ್ದರು. ಕಾರು ಮಾರುವುದೂ ಹೀಗೇ ಇರಬಹುದು ಅಂದುಕೊಂಡು ನಾನು ಮುಂಬೈಯ ಮುಲುಂಡಿನ ನಮ್ಮ ಸೊಸೈಟಿಯ ಗೇಟಿನ ಹತ್ತಿರ ಸ್ವಿಫ್ಟನ್ನು ತೊಳೆದು ನಿಲ್ಲಿಸಿದೆ.

2011ರ ನವೆಂಬರಿನಲ್ಲಿ ತಗೊಂಡ ಗಾಡಿ. ನಂಬರು ಎಂಎಚ್ 03. ಬೇಸ್ ಮಾಡೆಲ್. ನಮ್ಮಂಥವರು ಬೇಸ್ ಮಾಡೆಲ್ ತಗೊಳ್ಳುವುದರ ಹಿಂದೆ ದೊಡ್ಡ ಲೆಕ್ಕಾಚಾರ ಇರುತ್ತದೆ. ಮೇಲಿನ ಮಾಡೆಲ್ಲಿಗೆ ಅಷ್ಟು ದುಡ್ಡು ಸುಮ್ನೆ ಯಾಕೆ ಸುರಿಯಬೇಕು? ಅದೇ ಸಾಮಾನನ್ನು ಹೊರಗೆ ಅರ್ಧ ಬೆಲೆಗೆ ಹಾಕಿಸಬಹುದು, ಅಲ್ವಾ? ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಸಾಲು ಸಾಲು ಅಂಗಡಿಗಳು ನಮ್ಮ ಈ ಜಾಣತನವನ್ನೇ ನಂಬಿಕೊಂಡು ಬದುಕುತ್ತಿವೆ. ಸೆಂಟ್ರಲ್ ಲಾಕ್, ಮ್ಯೂಸಿಕ್ ಸಿಸ್ಟಮ್, ಸೀಟ್ ಕವರ್, ಡಬಲ್ ಹಾರ್ನ್. ಎಲ್ಲಾ ಸೇರಿ ಕೊನೆಗೆ ಮೇಲಿನ ಮಾಡೆಲ್ಲಿನ ಬೆಲೆಯನ್ನೂ ದಾಟಿತು. ಅದನ್ನು ಮನೆಯಲ್ಲಿ ಹೇಳಿಲ್ಲ.

ಮೊದಲು ಹೋದದ್ದು ಗಾಜಿನ ಕಪ್ಪು ಫಿಲ್ಮ್. ಹಾಕಿಸಿ ಆರು ತಿಂಗಳೂ ಆಗಿರಲಿಲ್ಲ. 2012ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಫಿಲ್ಮ್ ಬೇಡ ಎಂದಿತು, ಮೇ 4ರಿಂದ ಜಾರಿ. ರಸ್ತೆಯಲ್ಲೇ ಪೊಲೀಸರು ಗಾಡಿ ನಿಲ್ಲಿಸಿ ಉಗುರಿನಿಂದ ಕೆರೆದು ಎಳೆಯುತ್ತಿದ್ದರು. ನಾನು ಮರ್ಯಾದೆಯಿಂದ ಮನೆಯಲ್ಲೇ ಬ್ಲೇಡು ಹಿಡಿದು ಕೂತೆ. ಹಿಂದಿನ ಗಾಜಿನ ಮೂಲೆಯಲ್ಲಿ ಆ ಗೋಂದಿನ ಕಲೆ ಇನ್ನೂ ಇತ್ತು.

ಆಮೇಲೆ ಅಲಾಯ್ ವೀಲ್. 14 ಇಂಚಿನ ಕಬ್ಬಿಣದ ಚಕ್ರ ತೆಗೆಸಿ 15 ಇಂಚಿನದು ಹಾಕಿಸಿದೆ. 165/80 ಇದ್ದ ಟೈರು 195/60 ಆಯಿತು. ಮೊದಲನೆಯದು ಟೈರಿನ ಅಗಲ, ಎರಡನೆಯದು ಪಕ್ಕೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನುವುದು. ಚಕ್ರ ದೊಡ್ಡದಾದರೂ ಟೈರಿನ ಪಕ್ಕೆ ತೆಳ್ಳಗಾಗುವುದರಿಂದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ವೇಗದ ಮೀಟರು ಸುಳ್ಳು ಹೇಳುವುದಿಲ್ಲ. ಇದನ್ನು ನಾನು ಹೆಂಡತಿಗೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ್ದೆ. "ಅಷ್ಟೇ ಇರುವುದಾದರೆ ಬದಲಿಸಿದ್ದು ಎಂತಕ್ಕೆ?" ಎಂದಳು. ತೆಳ್ಳಗಿನ ಪಕ್ಕೆಗೆ ಮುಂಬೈ ಮಳೆಗಾಲದ ಹೊಂಡಗಳು ಹೇಗೆ ಬಡಿಯುತ್ತವೆ ಎಂಬುದು ಆ ಕಾಗದದಲ್ಲಿ ಇರಲಿಲ್ಲ.

ಪೆಟ್ರೋಲ್ ಏರಿದಾಗ ಸಿಎನ್‌ಜಿ ಕಿಟ್ ಬಂತು. ಇದೊಂದರಲ್ಲಿ ನಾನು ಸಾಚಾ. ಆರ್‌ಸಿಯಲ್ಲಿ ಬರೆಸಿದ್ದೇನೆ, ವಿಮೆಯಲ್ಲೂ ಸೇರಿಸಿದ್ದೇನೆ, ಮೂರು ವರ್ಷಕ್ಕೊಮ್ಮೆ ಸಿಲಿಂಡರಿಗೆ ಹೈಡ್ರೋ ಟೆಸ್ಟ್, ಅಂದರೆ ನೀರಿನ ಒತ್ತಡದ ಪರೀಕ್ಷೆ, ಮಾಡಿಸಿದ್ದೇನೆ. ಆದರೆ ಸಿಲಿಂಡರು ಡಿಕ್ಕಿಯಲ್ಲಿ ಸಂಸಾರ ಹೂಡಿತು. ಊರಿಗೆ ಹೋದರೆ ತೆಂಗಿನಕಾಯಿ, ಹಪ್ಪಳ, ಕುಚ್ಚಲಕ್ಕಿ ಎಲ್ಲಾ ಮಕ್ಕಳ ಕಾಲಡಿಗೆ. ಸ್ಟೆಪ್ನಿ ಅದರ ಕೆಳಗೆ. ಪಂಕ್ಚರ್ ಆದ ದಿನ ಸಿಲಿಂಡರಿಗೆ ಅಡ್ಡಬಿದ್ದೇ ಅದನ್ನು ಎಳೆಯಬೇಕು.

ಕೊನೆಯ ಎರಡು ಸೇವೆ ಮಗನವು. ಹಿಂದೆ ಸ್ಪಾಯ್ಲರ್ ಅನ್ನುವ ಒಂದು ರೆಕ್ಕೆ, ಕೆಳಗೆ ಗುಡುಗುವ ಸೈಲೆನ್ಸರ್. ಸದ್ದು ಮಾಡುವುದಕ್ಕೆ ಸೈಲೆನ್ಸರ್ ಅನ್ನುವ ಹೆಸರು ಹೇಗೆ ಉಳಿದಿದೆಯೋ! ಮೂರನೇ ಮಹಡಿಯ ಅಜ್ಜಿ ಸೊಸೈಟಿ ಮೀಟಿಂಗಿನಲ್ಲಿ ಎದ್ದು ನಿಂತ ಮೇಲೆ ಸೈಲೆನ್ಸರ್ ಹೋಯಿತು. ರೆಕ್ಕೆ ಉಳಿಯಿತು.

ಇಷ್ಟೆಲ್ಲಾ ಐಶ್ವರ್ಯ ಇರುವ ಕಾರನ್ನು ನೋಡಲು ಮೊದಲು ಬಂದವನು ಹಳೇ ಕಾರು ಕೊಳ್ಳುವ ಒಂದು ಕಂಪನಿಯ ಹುಡುಗ. ಕೈಯಲ್ಲಿ ಟ್ಯಾಬು, ಜೊತೆಗೆ ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟ ಹಾಗೆ ಬಾಗಿಲು ಬಾಗಿಲಿಗೂ ಅದನ್ನು ಒತ್ತಿದ. ನಾನು ಪಕ್ಕದಲ್ಲಿ ನಿಂತು ಗೈಡಿನಂತೆ ಹೇಳುತ್ತಿದ್ದೆ, ಇದು ಅಲಾಯ್, ಇದು ಇಪ್ಪತ್ತು ಸಾವಿರದ ಮ್ಯೂಸಿಕ್ ಸಿಸ್ಟಮ್. ಅವನು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿದ. "ಕಂಪನಿ ಫಿಟೆಡ್ ಹೈ ಕ್ಯಾ?" ಕಾರು ಮಾಡಿದ ಕಂಪನಿಯೇ ಹಾಕಿದ್ದಾ ಅಂತ. ಅಲ್ಲ ಅಂದರೆ ಟ್ಯಾಬಿಗೆ ಒಂದು ಗೀಟು. ನಮ್ಮ ಮ್ಯೂಸಿಕ್ ಸಿಸ್ಟಮ್ ಅವನ ಪಟ್ಟಿಯಲ್ಲಿ "ವೈರಿಂಗ್ ಕತ್ತರಿಸಲಾಗಿದೆ" ಎಂಬ ದೋಷವಾಗಿ ಸೇರಿತು. ಹಾಡಿದ್ದು ಯಾವ ಕಾಲಂನಲ್ಲೂ ಬರಲಿಲ್ಲ.

ಸಿಎನ್‌ಜಿಯಾದರೂ ಕೈಹಿಡಿದೀತು ಅಂದುಕೊಂಡೆ. ಅದಕ್ಕೂ ಅದೇ ಪ್ರಶ್ನೆ. ಕಂಪನಿಯೇ ಸ್ವಿಫ್ಟಿಗೆ ಸಿಎನ್‌ಜಿ ಹಾಕಿ ಮಾರತೊಡಗಿದ್ದು 2022ರಲ್ಲಿ. ನನ್ನ 2011ರ ಗಾಡಿಗೆ ಕಂಪನಿ ಫಿಟಿಂಗ್ ಎಲ್ಲಿಂದ ತರಲಿ?

ಎರಡನೆಯವನು ಠಾಣೆ ಊರಿನ ಮರಾಠಿ ಹುಡುಗ, ಕಾನೂನು ಓದುವವನು. ಅಂಥವರಿಗೆ ಕಾರು ಮಾರಲು ಹೋಗಬಾರದು. ರೆಕ್ಕೆ ನೋಡಿದ್ದೇ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಶುರು ಮಾಡಿದ. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆ ತಪ್ಪುವಂಥ ಬದಲಾವಣೆ ಕೂಡದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಇಂಧನ ಬದಲಿಸುವುದಕ್ಕೆ ಅದೇ ಸೆಕ್ಷನ್ನಿನಲ್ಲಿ ದಾರಿ ಇದೆ, ಆರ್‌ಸಿ ನೋಡಪ್ಪಾ ಅಂದೆ. ನೋಡಿದ. ತಲೆಯಾಡಿಸಿದ. ಆಮೇಲೆ, "ಕಾಕಾ, ಈ ಗಾಡಿಯನ್ನು ಒಬ್ಬ ಹುಡುಗ ಓಡಿಸಿದ ಹಾಗಿದೆ" ಅಂದ. ಅದೇ ನಿಜವಾದ ಅನುಮಾನ. ರೆಕ್ಕೆ ಇದ್ದ ಮೇಲೆ ಹಾರಿಸಿರುತ್ತಾರೆ, ಹಾರಿಸಿದ್ದರೆ ಎಂಜಿನ್ ಹೈರಾಣಾಗಿರುತ್ತದೆ. ತಪ್ಪು ಅವನದ್ದಲ್ಲ. ಹಿಂದೊಮ್ಮೆ ನಾನೇ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳುವಾಗ, ಬಣ್ಣ ಬಣ್ಣದ ಲೈಟು ಹಾಕಿದ್ದ ಒಂದನ್ನು ಮುಟ್ಟದೆ ವಾಪಸು ಬಂದಿದ್ದೆ.

ನಾನು ಅಕ್ಕರೆಯಿಂದ ಕೂಡಿಸಿದ್ದನ್ನೆಲ್ಲ ಬಂದವರು ಒಂದೊಂದಾಗಿ ಕಳೆಯುತ್ತಿದ್ದರು. ಸರಿ, ನಾನೇ ಕಳೆದುಬಿಡೋಣ ಅಂತ ಹೊರಟೆ. ರೆಕ್ಕೆ ಬಿಚ್ಚಿದರೆ ಎರಡು ತೂತು. ಸ್ಟೀರಿಯೊ ತೆಗೆದರೆ ಡ್ಯಾಶ್‌ಬೋರ್ಡಿನಲ್ಲಿ ಬೊಕ್ಕ ಬಾಯಿ. ಅಲಾಯ್ ಹೊತ್ತುಕೊಂಡು ಕುರ್ಲಾಕ್ಕೆ ಹೋದೆ. ನನ್ನ ಕಬ್ಬಿಣದ ಚಕ್ರಗಳನ್ನು ಅಲ್ಲೇ ಕವಡೆ ಕಾಸಿಗೆ ಬಿಟ್ಟು ಬಂದಿದ್ದೆನಲ್ಲ. ಅಂಗಡಿಯವನು ಒಳಗಿಂದ ನಾಲ್ಕು ಹಳೇ ಚಕ್ರ ಉರುಳಿಸಿಕೊಂಡು ಬಂದ. ತುಕ್ಕಿಗೆ ಬೆಳ್ಳಿ ಬಣ್ಣ ಬಳಿದಿತ್ತು. ಬೆಲೆ ಕೇಳಿ ಗಾಬರಿಯಾಯಿತು. "ಗಾಡಿ ಮಾರೋರೆಲ್ಲ ಇದನ್ನೇ ಹುಡುಕಿಕೊಂಡು ಬರ್ತಾರೆ ಸೇಠ್" ಅಂದ. ಹಾಕಿಸುವವರಿಂದ ಒಂದು ಸಲ, ಬಿಚ್ಚಿಸುವವರಿಂದ ಇನ್ನೊಂದು ಸಲ. ವ್ಯಾಪಾರ ಅಂದರೆ ಅದು. ಆ ಚಕ್ರಕ್ಕೆ ಟೈರೂ ಬೇರೆ ಬೇಕು ಅನ್ನುವುದು ಆಗ ಹೊಳೆಯಿತು. ಅಲಾಯ್ ಹೊತ್ತುಕೊಂಡು ಹಾಗೇ ವಾಪಸು ಬಂದೆ.

ಕಡೆಗೆ ಕಾರು ತಗೊಂಡದ್ದು ಭಾಂಡುಪಿನಲ್ಲಿ ಆಫೀಸ್ ಕ್ಯಾಂಟೀನ್ ನಡೆಸುವ ಕುಂದಾಪುರದವರು. ಬೆಳಗಿನ ಜಾವ ವಾಶಿ ಮಾರ್ಕೆಟಿನಿಂದ ತರಕಾರಿ ತರಲು ಬೇಕಂತೆ. ಬಾನೆಟ್ ಎತ್ತಿ ನೋಡಿದರು, ಹಿಂದಿನ ಸೀಟು ಮಡಚಿ ನೋಡಿದರು, ಹಾರ್ನ್ ಒತ್ತಿ ನೋಡಿದರು. "ಗ್ಯಾಸ್ ಉಂಟಲ್ಲ, ಸಾಕು ಮಾರಾಯ್ರೆ. ಚಕ್ರ ತಿರುಗ್ತದಲ್ಲ?" ಅಂದರು. ಕಂಪನಿ ಫಿಟೆಡಾ ಅಂತ ಕೇಳದ ಮೊದಲ ಮನುಷ್ಯ. ಬೆಲೆಯಲ್ಲಿ ಹತ್ತು ಸಾವಿರ ನಾನಾಗಿಯೇ ಬಿಟ್ಟೆ. ಗಾಡಿ ಹೆಸರು ಬದಲಿಸುವ ಫಾರಂ 29, ಫಾರಂ 30, ಜೊತೆಗೆ ವಿಮೆ, ಹೊಗೆ ಪರೀಕ್ಷೆಯ ಪಿಯುಸಿ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಅಂತ ಎರಡೆರಡು ಸಲ ಹೇಳಿದೆ.

ಕೀ ಕೊಡುವ ಹೊತ್ತಿಗೆ ಹೆಂಡತಿ ಕೆಳಗಿಳಿದು ಬಂದಳು. ಡ್ಯಾಶ್‌ಬೋರ್ಡಿನ ಮೇಲೆ ಧರ್ಮಸ್ಥಳದ ಮಂಜುನಾಥನ ಸಣ್ಣ ಫೋಟೊ ಇತ್ತು, ಕಾರು ಬಂದ ವಾರವೇ ಅವಳು ಅಂಟಿಸಿದ್ದು. "ಅದೊಂದನ್ನು ಕೊಡಲಿಕ್ಕಿಲ್ಲ" ಎಂದಳು. "ದೇವರನ್ನು ನಾನೆಂತಕ್ಕೆ ಇಟ್ಟುಕೊಳ್ಳಲಿ ಅಕ್ಕಾ, ತೆಗೀರಿ" ಅಂದರು ಅವರು. ಮೆಲ್ಲಗೆ ಎಬ್ಬಿಸಿದೆವು. ಬಿಸಿಲಿಗೆ ಡ್ಯಾಶ್‌ಬೋರ್ಡು ಬೂದು ಬೂದಾಗಿತ್ತು. ಫೋಟೊ ಇದ್ದ ಕಡೆ ಮಾತ್ರ ಚೌಕಾಕಾರದಲ್ಲಿ ಕಂಪನಿಯ ಕಪ್ಪು, ಶೋರೂಮಿನಿಂದ ಬಂದ ದಿನ ಇದ್ದಂತೆಯೇ.

ಅವರು ಆ ಚೌಕವನ್ನು ಒಂದು ಗಳಿಗೆ ನೋಡಿದರು. ಅಂಗಿಯ ಜೇಬಿನಿಂದ ಆನೆಗುಡ್ಡೆ ವಿನಾಯಕನ ಸ್ಟಿಕ್ಕರ್ ತೆಗೆದು, ಹಿಂದಿನ ಕಾಗದ ಸುಲಿದು, ಅಲ್ಲೇ ಅಂಟಿಸಿ ಹೆಬ್ಬೆಟ್ಟಿನಿಂದ ಒತ್ತಿದರು. ವಿನಾಯಕ ಸ್ವಲ್ಪ ಚಿಕ್ಕವನು. ಸುತ್ತ ಒಂದು ಕಪ್ಪು ಗೆರೆ ಉಳಿಯಿತು.